ಹಸಿರು ಕ್ಯಾಪ್ಸೂಲ್ ನುಂಗಿದರೆ ಲಕ್ವಾ ತಪ್ಪುತ್ತಾ?

ರಾಯಚೂರಿನ ಮೆಡಿಕಲ್ ಶಾಪ್‌ಗಳಲ್ಲಿ ಡಾಕ್ಟರ ಚೀಟಿ ಇಲ್ಲದೆ ಕೈಗೆ ಬರುವ ಮಾತ್ರೆಗಳಲ್ಲಿ ವಿಟಮಿನ್ ಇ ಕೂಡ ಒಂದು. ಹಸಿರು ಬಣ್ಣದ ಮೆತ್ತನೆ ಕ್ಯಾಪ್ಸೂಲ್. ಹುಡುಗಿಯರು ಪಿನ್ ಚುಚ್ಚಿ ಒಳಗಿನ ಎಣ್ಣೆಯನ್ನು ಮುಖಕ್ಕೆ, ಕೂದಲಿಗೆ ಹಚ್ಚಿಕೊಳ್ಳುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ "ರಕ್ತ ತೆಳ್ಳಗಾಗುತ್ತೆ, ಲಕ್ವಾ ಹೊಡೆಯಲ್ಲ" ಅಂತ ವಯಸ್ಸಾದ ಅಪ್ಪ ಅಮ್ಮನಿಗೆ ಅದನ್ನು ದಿನಾ ನುಂಗಿಸುವವರಿದ್ದಾರಲ್ಲ, ತಕರಾರು ಅವರ ಮೇಲೆ.

ಲಕ್ವಾದಲ್ಲಿ ಎರಡು ಬಗೆ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುವುದು ಒಂದು, ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಹೆಚ್ಚು ಜನರಿಗೆ ಆಗುವುದು ಮೊದಲನೆಯದು, ಜೀವಕ್ಕೆ ಹೆಚ್ಚು ಅಪಾಯ ಎರಡನೆಯದರಿಂದ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 9 ಪ್ರಯೋಗಗಳ, ಸುಮಾರು 1,18,000 ಜನರ ಲೆಕ್ಕ ಒಟ್ಟುಗೂಡಿಸಿ ನೋಡಿದ ವರದಿ ಬಂತು. ವಿಟಮಿನ್ ಇ ತಗೊಂಡವರಲ್ಲಿ ಹೆಪ್ಪುಗಟ್ಟುವ ಲಕ್ವಾ ಶೇ. 10 ಕಡಿಮೆ, ರಕ್ತ ಸೋರುವ ಲಕ್ವಾ ಶೇ. 22 ಜಾಸ್ತಿ. ಒಟ್ಟಾರೆ ಲಕ್ವಾ? ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಶೇ. 22 ಅಂತ ಗಾಬರಿಯಾಗಬೇಡಿ, 1,250 ಜನ ನುಂಗಿದರೆ ರಕ್ತ ಸೋರುವ ಲಕ್ವಾ ಒಬ್ಬರಿಗೆ ಹೆಚ್ಚುವರಿಯಾಗಿ ಬಂದೀತು ಅಷ್ಟೇ. ಆದರೆ ಒಟ್ಟಾರೆ ಲಾಭವೇ ಇಲ್ಲದ್ದಕ್ಕೆ ಆ ಒಬ್ಬರು ಯಾಕೆ ಬೇಕು?

ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಇ ವಿಪರೀತವಾದರೆ ಕೆ ಮಾಡುವ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಮೊದಲೇ ಆಸ್ಪಿರಿನ್, ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಗೊಳ್ಳುವವರು ಇದನ್ನು ಸುಮ್ನೆ ಸೇರಿಸಿಕೊಳ್ಳುವುದು ಒಳ್ಳೆಯದಲ್ಲ. ದೊಡ್ಡವರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕು, ಕ್ಯಾಪ್ಸೂಲ್‌ನಲ್ಲಿರುವುದು 400. ನಮ್ಮ ಕಡೆ ರೊಟ್ಟಿ ಜೊತೆ ಶೇಂಗಾ ಹಿಂಡಿ, ಒಗ್ಗರಣೆಗೆ ಸೂರ್ಯಕಾಂತಿ ಎಣ್ಣೆ ಇದ್ದೇ ಇರುತ್ತದೆ, ಎರಡರಲ್ಲೂ ವಿಟಮಿನ್ ಇ ಇದೆ ಅಲ್ವಾ?

ಎಲ್ಲ ವಿಟಮಿನ್ನೂ ದಂಡ ಅಂತಲ್ಲ. ಚೀನಾದಲ್ಲಿ 20,000ಕ್ಕೂ ಹೆಚ್ಚು ಬಿಪಿ ರೋಗಿಗಳಿಗೆ ಬಿಪಿ ಮಾತ್ರೆ ಕೊಟ್ಟು, ಅವರಲ್ಲಿ ಅರ್ಧ ಜನರಿಗೆ ಫೋಲಿಕ್ ಆಸಿಡ್ ಅನ್ನೋ ಬಿ ವಿಟಮಿನ್ ಕೂಡ ಸೇರಿಸಿದರು. ಬರೀ ಬಿಪಿ ಮಾತ್ರೆಯವರಲ್ಲಿ ಶೇ. 3.4 ಮಂದಿಗೆ ಲಕ್ವಾ ಆಯಿತು, ಎರಡೂ ತಗೊಂಡವರಲ್ಲಿ ಶೇ. 2.7. 2015ರಲ್ಲಿ ಬಂದ ಫಲಿತಾಂಶ ಇದು. ಅಲ್ಲೂ ಬಿಪಿ ಮಾತ್ರೆ ಯಾರಿಗೂ ತಪ್ಪಲಿಲ್ಲ ನೋಡಿ. ನಮ್ಮಲ್ಲಿ "ಬಿಪಿ ನಾರ್ಮಲ್ ಆಯ್ತು" ಅಂತ ಆ ಮಾತ್ರೆ ಬಿಟ್ಟು, ಅದೇ ದುಡ್ಡಲ್ಲಿ ಟಾನಿಕ್ ತರುತ್ತಾರೆ.

ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಲಕ್ವಾಕ್ಕೆ ಮದ್ದು ಅಂತ ಪಾರಿವಾಳದ ರಕ್ತ ಹುಡುಕುತ್ತಾ ಕೂರಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ರಕ್ತ ಸೋರಿಲ್ಲ ಅಂತ ಸ್ಕ್ಯಾನ್‌ನಲ್ಲಿ ಖಾತ್ರಿಯಾದ ಮೇಲೆ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಳ್ಳಿ, ಆ ಹಸಿರು ಕ್ಯಾಪ್ಸೂಲನ್ನೂ ಸೇರಿಸಿ.