ಸೀಲ್ ಹಾಕುವ ಮುಂಚೆ ಶಾಫ್ಟ್ ಅಲ್ಲಾಡಿಸಿ ನೋಡಿ

ಆಲ್ದೂರು ಕಡೆಯ ತೋಟದ ಮನೆಯಿಂದ ಮೊನ್ನೆ ಒಂದು ಹಳೆಯ ಅಂಬಾಸಿಡರ್ ಬಂತು. "ಮೇಸ್ತ್ರಿ, ಗೇರ್‌ಬಾಕ್ಸ್ ಹಿಂದಿನ ಸೀಲ್ ಎರಡು ಸಲ ಹಾಕಿಸಿದ್ದೀನಿ. ಮತ್ತೆ ಕಣದ ತುಂಬಾ ಎಣ್ಣೆ" ಅಂದರು ಗೌಡ್ರು. ಕಾಫಿ ಒಣಗಿಸೋ ಕಣದಲ್ಲಿ ಎಣ್ಣೆ ಬಿದ್ದರೆ ಮನೆಯಲ್ಲಿ ಯಾರು ಸುಮ್ನಿರ್ತಾರೆ?

ಕಾರು ಹೇಗೆ ನಿಲ್ಲಿಸ್ತೀರಿ ಅಂತ ಕೇಳಿದೆ. ಏರಿನಲ್ಲಿ, ಮೂತಿ ಮೇಲೆ ಮಾಡಿ. ಹಾಗೆ ನಿಂತಾಗ ಗೇರ್‌ಬಾಕ್ಸ್‌ನ ಎಣ್ಣೆ ಹಿಂದಕ್ಕೆ ಹರಿದು ಸೀಲಿನ (ಎಣ್ಣೆ ತಡೆಯುವ ರಬ್ಬರ್ ತುಟಿಯ ಬಳೆ) ಮೇಲೆ ಬಂದು ಕೂರುತ್ತದೆ. ಪೇಟೆಯ ಸಮ ರಸ್ತೆಯಲ್ಲಿ ಕಾಣದ ಸೋರಿಕೆ ನಮ್ಮ ಮಲೆನಾಡಿನ ದಿಬ್ಬದಲ್ಲಿ ಕಾಣುವುದು ಇದಕ್ಕೇ. ಏರು ಸೀಲನ್ನು ಕೆಡಿಸುವುದಿಲ್ಲ, ಕೆಟ್ಟಿದ್ದನ್ನು ತೋರಿಸುತ್ತದೆ ಅಷ್ಟೇ.

ಮೊದಲು ಎಣ್ಣೆ ಯಾವುದು ಅಂತ ಮೂಸಿ ನೋಡಬೇಕು. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ. ಎಂಜಿನ್ ಹಿಂಬದಿಯಲ್ಲಿ ಒಸರಿದ ಎಣ್ಣೆಯೂ ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡಿ ಗೇರ್‌ಬಾಕ್ಸ್ ಮೇಲೆ ಅಪವಾದ ಹೊರಿಸುತ್ತದೆ. ಇಲ್ಲಿ ಘಾಟು ಇತ್ತು. ಸರಿ, ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ತಿರುಗು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇಳಿಸಲೇಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಳಿಜಾರಿನಲ್ಲಿ ಗೇರಿಗೆ ಹಾಕಿ ಗಾಡಿ ನಿಲ್ಲಿಸುವುದು ನಮಗೆ ರೂಢಿ. ಆದರೆ ಶಾಫ್ಟ್ ಬಿಚ್ಚಿದ ಕ್ಷಣ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವನ್ನೂ ಎತ್ತಿಬಿಟ್ಟರೆ ಗಾಡಿಯನ್ನು ಹಿಡಿಯಲು ಏನೂ ಉಳಿಯದು. ಹಾಗಾಗಿ ಸಮ ನೆಲ ಹುಡುಕಿ, ಮುಂದಿನ ಎರಡೂ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಡಿ. ಆಮೇಲೆ ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೆಳಗೆ ಹೋಗಬೇಡಿ.

ಹಿಂಭಾಗ ಎತ್ತುವುದರಲ್ಲಿ ಇನ್ನೊಂದು ಲಾಭ ಇದೆ. ಶಾಫ್ಟಿನ ಮುಂದಿನ ತುದಿಯ ಯೋಕ್, ಅಂದರೆ ಗೇರ್‌ಬಾಕ್ಸ್ ಒಳಗೆ ಹೋಗುವ ಭಾಗವೇ, ಅದಕ್ಕೆ ಬಿರಡೆ ಇದ್ದ ಹಾಗೆ. ಎಳೆದ ತಕ್ಷಣ ಎಣ್ಣೆ ಸುರಿಯುತ್ತದೆ. ಹಿಂಭಾಗ ಎತ್ತರ ಇದ್ದರೆ ಎಣ್ಣೆ ಮುಂದಕ್ಕೆ ಹೋಗುತ್ತದೆ. ಇದನ್ನು ನಾನು ಕಲಿತದ್ದು ಮುಖದ ಮೇಲೆ ಸುರಿಸಿಕೊಂಡು!

ಬಿಚ್ಚುವ ಮುಂಚೆ ಕ್ರೌನ್ (ಹಿಂದಿನ ಆಕ್ಸಲ್‌ನ ಗೇರು) ಕಡೆ ಶಾಫ್ಟ್ ಕೂಡುವ ಎರಡು ಫ್ಲ್ಯಾಂಜ್‌ಗೂ (ಬೋಲ್ಟ್ ಹಾಕುವ ತಟ್ಟೆ) ಸೇರಿಸಿ ಒಂದು ಗೀಟು ಹಾಕಿ. ಶಾಫ್ಟ್ ಇದ್ದ ಹಾಗೇ ಕೂರಬೇಕು, ಇಲ್ಲದಿದ್ದರೆ ಬ್ಯಾಲೆನ್ಸ್ ತಪ್ಪಿ ನಡುಗಬಹುದು. ನಾಲ್ಕು ನಟ್ ಬಿಚ್ಚಿ, ಹಿಂತುದಿ ಇಳಿಸಿ, ಶಾಫ್ಟ್ ಹಿಂದಕ್ಕೆ ಎಳೆದರೆ ಬಂತು.

ಮೆಕ್ಯಾನಿಕ್‌ಗಳು ಆತುರಪಡುವುದು ಈಗಲೇ. ಹಳೆ ಸೀಲ್ ಮೀಟಿ ಹೊಸದನ್ನು ಬಡಿದು ಮುಗಿಸುತ್ತಾರೆ. ಗೌಡ್ರ ಕಾರಿಗೂ ಎರಡು ಸಲ ಆಗಿದ್ದು ಅದೇ. ಯೋಕ್ ಒರೆಸಿ ಉಗುರು ಆಡಿಸಿದೆ. ಸೀಲ್ ತುಟಿ ಉಜ್ಜಿ ಉಜ್ಜಿ ಬಿದ್ದ ಗೆರೆಗೆ ಉಗುರು ಸಿಕ್ಕಿಕೊಂಡಿತು. ಆ ಕಾಲುವೆಯಲ್ಲಿ ಹೊಸ ಸೀಲ್ ಕೂತರೂ ಎಣ್ಣೆ ಹೊರಗೇ. ಬಿಚ್ಚುವ ಮುಂಚೆ ಯೋಕ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಕಟಕಟ ಅಂದಿತ್ತು. ಅಂದರೆ ಗೇರ್‌ಬಾಕ್ಸ್ ಒಳಗೆ ಯೋಕನ್ನು ಹಿಡಿದಿಡುವ ಬಳೆ, ಬುಷ್, ಸವೆದಿದೆ. ಶಾಫ್ಟ್ ಕುಣಿಯುತ್ತಿದ್ದರೆ ಎಂಥ ದುಬಾರಿ ಸೀಲ್ ಆದರೂ ಎಷ್ಟು ದಿನ ತಡೆದೀತು? ಜೊತೆಗೆ ಶಾಫ್ಟಿನ ಹಿಂತುದಿಯ ಕ್ರಾಸ್ (ಶಾಫ್ಟ್ ಓರೆಯಾಗಿ ತಿರುಗಲು ಬಿಡುವ ಜಾಯಿಂಟ್) ಒಣಗಿ ಬಿಗಿದಿತ್ತು. ಬುಷ್ ಸವೆಸಿದ ನಡುಕ ಹುಟ್ಟಿದ್ದು ಅಲ್ಲೇ ಅಂತ ನನ್ನ ಅನುಮಾನ.

ಬುಷ್, ಕ್ರಾಸ್, ಯೋಕ್ ಮೂರೂ ಬದಲಾದವು. ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ, ಹಾಗಾಗಿ ಯೋಕಿಗೆ ಹಳೆ ಸಾಮಾನಿನ ಅಂಗಡಿ ಸುತ್ತಬೇಕಾಯಿತು. ಸಿಗದಿದ್ದರೆ ಗೆರೆ ಬಿದ್ದ ಜಾಗಕ್ಕೆ ಸ್ಲೀವ್ (ತೆಳು ಲೋಹದ ತೋಳು) ಹಾಕಿಸಬಹುದು.

ಸೀಲಿನ ಸ್ಪ್ರಿಂಗ್ ಇರುವ ಮುಖ ಒಳಗೆ, ಎಣ್ಣೆಯ ಕಡೆಗೆ ಬರಬೇಕು. ತುಟಿಗೆ ಗ್ರೀಸ್ ಸವರಿ, ಸುತ್ತಲೂ ಒಂದೇ ಸಮ ತಟ್ಟಿ ಕೂರಿಸಿ. ಕ್ರಾಸ್ ಬದಲಿಸಿದ ಮೇಲೆ ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯುವ ಕವಲುಗಳು ಒಂದೇ ನೇರಕ್ಕೆ ಇವೆಯಾ ನೋಡಿ. ಒಂದು ಜಾಯಿಂಟ್ ಮಾಡುವ ವೇಗದ ಏರಿಳಿತವನ್ನು ಇನ್ನೊಂದು ಸರಿದೂಗಿಸಬೇಕಲ್ವಾ. ನಟ್ ಹೊಸದೇ ಹಾಕಿ. ಎಣ್ಣೆ ತುಂಬುವಾಗ ಗಾಡಿ ಸಮ ಇರಲಿ, ಲೆವೆಲ್ ತೂತಿನಿಂದ ತೊಟ್ಟಿಕ್ಕಿದರೆ ಸಾಕು.

ಕೈಮರದವರೆಗೆ ಹತ್ತಿಸಿ ಬಂದು, ಬೇಕಂತಲೇ ಮೂತಿ ಮೇಲೆ ಮಾಡಿ ರಾತ್ರಿಯಿಡೀ ನಿಲ್ಲಿಸಿದೆ, ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ರಟ್ಟಿನ ಮೇಲೆ ಇದ್ದಿದ್ದು ಬೆಕ್ಕಿನ ಹೆಜ್ಜೆ ಮಾತ್ರ.