ಪದ ಪರಿಚಯ: ತಂತ್ರಕುರುಹು

ಕಾಡಿನ ದಾರಿಯಲ್ಲಿ ಆನೆಗಿಂತ ಮೊದಲು ಲದ್ದಿ ಕಾಣುತ್ತದೆ, ತೊಗಟೆ ಸುಲಿದ ಮರ ಕಾಣುತ್ತದೆ. ಎಷ್ಟು ಆನೆ ಬಂದಿದ್ದವು, ಹೋಗಿ ಎಷ್ಟು ಹೊತ್ತಾಯಿತು ಎಂಬುದನ್ನು ಬಲ್ಲವರು ಅಷ್ಟರಿಂದಲೇ ಹೇಳುತ್ತಾರೆ. ಬೇರೆ ನಕ್ಷತ್ರಗಳ ಸುತ್ತ ಯಾರಾದರೂ ಇದ್ದಾರೆಯೇ ಎಂದು ಹುಡುಕುವವರ ಕೆಲಸವೂ ಇದೇ ಬಗೆಯದು. ಅವರು ಹುಡುಕುವ ಗುರುತಿಗೆ ‘ಟೆಕ್ನೋಸಿಗ್ನೇಚರ್’ ಎಂದು ಹೆಸರು. ಅಮೆರಿಕದ ಖಗೋಳ ವಿಜ್ಞಾನಿ ಜಿಲ್ ಟಾರ್ಟರ್ ಬಳಕೆಗೆ ತಂದ ಪದ ಇದು. ಸಿಗ್ನೇಚರ್ ಎಂದ ಕೂಡಲೇ ಸಹಿ ನೆನಪಾಗುತ್ತದೆ. ಆದರೆ ಸಹಿಯನ್ನು ಬೇಕೆಂದೇ ಹಾಕುತ್ತಾರೆ, ಕುರುಹು ಬೇಡವೆಂದರೂ ಉಳಿಯುತ್ತದೆ. ಆದ್ದರಿಂದ ಕನ್ನಡದಲ್ಲಿ ‘ತಂತ್ರಕುರುಹು’ ಎನ್ನುವುದೇ ಸರಿ: ಯಾವುದೋ ಜೀವಿಯ ತಂತ್ರಜ್ಞಾನದಿಂದ ಹುಟ್ಟಿದ, ನಮಗೆ ದೂರದಿಂದ ಅಳೆಯಲು ಸಿಗುವ ಗುರುತು. ಗ್ರಹವೊಂದರ ಗಾಳಿಯಲ್ಲಿ ಆಮ್ಲಜನಕ ಮತ್ತು ಮೀಥೇನ್ ಒಟ್ಟಿಗೆ ಕಂಡರೆ ಅದು ಜೀವಕುರುಹು ಇರಬಹುದು. ಅಲ್ಲಿಂದ ರೇಡಿಯೊ ಪ್ರಸಾರ ಬಂದರೆ ಅದು ತಂತ್ರಕುರುಹು.

ವಿಶ್ವದಲ್ಲಿ ಮನುಷ್ಯರೇ ಎಲ್ಲರಿಗಿಂತ ಬುದ್ಧಿವಂತರೇ ಎಂಬುದು ಹಳೆಯ ಪ್ರಶ್ನೆ. ನೇರವಾಗಿ ಅದಕ್ಕೇ ಕೈ ಹಾಕಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ, ಏಕೆಂದರೆ ಬುದ್ಧಿಯನ್ನು ಅಳೆಯುವ ಸೇರು ಪಾವು ನಮ್ಮಲ್ಲಿಲ್ಲ. ಮಿದುಳಿನ ತೂಕ ನೋಡೋಣವೆಂದರೆ ನಮ್ಮದು ಒಂದೂಕಾಲು ಕಿಲೋದಿಂದ ಒಂದೂವರೆ ಕಿಲೋ, ಆನೆಯದು ಸುಮಾರು 5 ಕಿಲೋ, ಸ್ಪರ್ಮ್ ತಿಮಿಂಗಿಲದ್ದು 8 ಕಿಲೋದ ಹತ್ತಿರ. ನರಕೋಶ ಎಣಿಸಿದರೆ ಮನುಷ್ಯನಿಗೆ ಸುಮಾರು 8,600 ಕೋಟಿ, ಆಫ್ರಿಕಾದ ಆನೆಗೆ 25,700 ಕೋಟಿ. ಆನೆಯ ನರಕೋಶಗಳಲ್ಲಿ ಬಹುಪಾಲು ಚಲನೆ ನೋಡಿಕೊಳ್ಳುವ ಕಿರುಮಿದುಳಿನಲ್ಲಿವೆ, ಯೋಚಿಸುವ ಹೊರಪದರದಲ್ಲಿ ಇರುವುದು 560 ಕೋಟಿ ಮಾತ್ರ. ನಮಗೆ ಅಲ್ಲಿ 1,600 ಕೋಟಿ ಇವೆ. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಪೈಲಟ್ ತಿಮಿಂಗಿಲ ಎದುರಾಗುತ್ತದೆ. ಉದ್ದ ಈಜುರೆಕ್ಕೆಯ ಆ ಜಾತಿಯ ಹೊರಪದರದಲ್ಲಿ ಎಣಿಸಿದ ನರಕೋಶ ಸುಮಾರು 3,700 ಕೋಟಿ. ಆಕ್ಟೋಪಸ್‌ಗೆ ಇರುವುದು ಒಟ್ಟು 50 ಕೋಟಿ, ಅದರಲ್ಲೂ ಹೆಚ್ಚಿನವು ತೋಳುಗಳಲ್ಲಿ. ಆದರೂ ಅದು ಮುಚ್ಚಳ ತಿರುಗಿಸಿ ಬಾಟಲಿ ತೆರೆಯುತ್ತದೆ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ಒಂದೇ ಭೂಮಿಯ ಮೇಲಿನ ಜೀವಿಗಳನ್ನೇ ಸಾಲಾಗಿ ನಿಲ್ಲಿಸಲು ಆಗದಿರುವಾಗ ಎಲ್ಲೋ ಇರಬಹುದಾದ ಜೀವಿಗೆ ಅಂಕ ಕೊಡುವುದು ಹೇಗೆ?

ಅಮೆರಿಕದ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ 1961ರಲ್ಲಿ ಬರೆದ ಸಮೀಕರಣ ಈ ತೊಡಕನ್ನು ಆಗಲೇ ಬಿಡಿಸಿಟ್ಟಿತ್ತು. ನಮ್ಮ ಗ್ಯಾಲಕ್ಸಿಯಲ್ಲಿ ಸಂಪರ್ಕಕ್ಕೆ ಸಿಗಬಲ್ಲ ನಾಗರಿಕತೆಗಳು ಎಷ್ಟು ಎಂದು ಲೆಕ್ಕ ಹಾಕಲು ಏಳು ಅಂಶಗಳನ್ನು ಗುಣಿಸುವ ಸೂತ್ರ ಅದು. ಅದರಲ್ಲಿ ಜೀವ ಹುಟ್ಟಿದ ಗ್ರಹಗಳ ಪೈಕಿ ಬುದ್ಧಿ ಬೆಳೆದವು ಎಷ್ಟು ಪಾಲು ಎಂಬುದು ಒಂದು ಅಂಶ. ಆ ಬುದ್ಧಿವಂತರಲ್ಲಿ ಹೊರಗೆ ಸುಳಿವು ಬಿಡುವಂಥ ತಂತ್ರಜ್ಞಾನ ಕಟ್ಟಿದವರು ಎಷ್ಟು ಪಾಲು ಎಂಬುದು ಬೇರೆಯೇ ಅಂಶ. ಕಡಲಿನಲ್ಲಿ ಎಷ್ಟೇ ಜಾಣ ಡಾಲ್ಫಿನ್‌ಗಳಿದ್ದರೂ ಅವು ಬೆಂಕಿ ಹೊತ್ತಿಸಲಾರವು, ಲೋಹ ಕರಗಿಸಲಾರವು, ಆಂಟೆನಾ ಕಟ್ಟಲಾರವು. ಮೊದಲ ಅಂಶದಲ್ಲಿ ಅವಕ್ಕೆ ಅಂಕ ಸಿಕ್ಕೀತು, ಎರಡನೆಯದರಲ್ಲಿ ಸೊನ್ನೆ. ಆಕಾಶದ ಹುಡುಕಾಟದಲ್ಲಿ ‘ಬುದ್ಧಿವಂತ’ ಎಂಬ ಮಾತಿಗೆ ಇರುವ ಅರ್ಥ ಇಷ್ಟೇ: ರೇಡಿಯೊ ದೂರದರ್ಶಕ ಕಟ್ಟಬಲ್ಲವರು. ಈ ಅಳತೆಗೋಲಿನಲ್ಲಿ 1800ರ ಮನುಷ್ಯರೂ ಬುದ್ಧಿವಂತರಲ್ಲ. ಪದದ ಈ ಮಿತಿಯನ್ನು ಮರೆತು ಬರೆದ ಸುದ್ದಿಗಳೇ ಹೆಚ್ಚು ದಾರಿ ತಪ್ಪಿಸುತ್ತವೆ.

ಯಾವ ಕುರುಹು ಹುಡುಕಬೇಕು? ಲೇಸರ್ ಮಿಂಚು, ಗ್ರಹದ ಗಾಳಿಯಲ್ಲಿ ಕಾರ್ಖಾನೆಯ ಅನಿಲ, ನಕ್ಷತ್ರವನ್ನು ಸುತ್ತುವರಿದ ಬೃಹತ್ ರಚನೆಯ ಶಾಖ, ಹೀಗೆ ಹಲವನ್ನು ಯೋಚಿಸಿದ್ದಾರೆ. ಹೆಚ್ಚು ಹುಡುಕಿರುವುದು ರೇಡಿಯೊದಲ್ಲಿ. ಕೊಕೋನಿ ಮತ್ತು ಮಾರಿಸನ್ ಎಂಬ ಇಬ್ಬರು ಭೌತವಿಜ್ಞಾನಿಗಳು 1959ರಲ್ಲಿ 1420 ಮೆಗಾಹರ್ಟ್ಸ್ ಕಡೆ ಕಿವಿಗೊಡಿ ಎಂದು ಸೂಚಿಸಿದರು. ಅದು ಹೈಡ್ರೋಜನ್ ಪರಮಾಣು ತಾನಾಗಿಯೇ ಹೊಮ್ಮಿಸುವ 21 ಸೆಂಟಿಮೀಟರ್ ಅಲೆಯ ಆವರ್ತನ, ಯಾವ ಲೋಕದ ಖಗೋಳಜ್ಞರಿಗೂ ಗೊತ್ತಿರಲೇಬೇಕಾದದ್ದು. ಮರುವರ್ಷವೇ ಡ್ರೇಕ್ 26 ಮೀಟರ್ ಅಗಲದ ರೇಡಿಯೊ ದೂರದರ್ಶಕದ ತಟ್ಟೆಯನ್ನು ಟೌ ಸೆಟಿ, ಎಪ್ಸಿಲಾನ್ ಎರಿಡಾನಿ ಎಂಬ ಎರಡು ನಕ್ಷತ್ರಗಳತ್ತ ತಿರುಗಿಸಿ ಕೇಳಿದರು.

ಇಲ್ಲಿ ಮುಖ್ಯವಾದದ್ದು ಗೆರೆಯ ಅಗಲ, ಅಂದರೆ ಸಂಕೇತ ಎಷ್ಟು ಆವರ್ತನಗಳಿಗೆ ಹರಡಿಕೊಂಡಿದೆ ಎಂಬುದು. ಪ್ರಕೃತಿಯ ರೇಡಿಯೊ ಮೂಲಗಳು ಹರಡಿಕೊಂಡಿರುತ್ತವೆ, ಏಕೆಂದರೆ ಅಲ್ಲಿನ ಪರಮಾಣುಗಳು ಬೇರೆ ಬೇರೆ ವೇಗದಲ್ಲಿ ಓಡಾಡುತ್ತಿರುತ್ತವೆ. ಅತಿ ಕಿರಿದಾದ ಸಹಜ ಮೂಲವಾದ ಮೇಸರ್ (ಅನಿಲ ಮೋಡಗಳಿಂದ ಲೇಸರ್ ರೀತಿಯಲ್ಲಿ ಹೊಮ್ಮುವ ರೇಡಿಯೊ) ಕೂಡ ನೂರಾರು ಹರ್ಟ್ಸ್ ಅಗಲ. ಒಂದೆರಡು ಹರ್ಟ್ಸ್‌ನೊಳಗೆ ಶಕ್ತಿಯನ್ನೆಲ್ಲ ತುರುಕಲು ಯಂತ್ರವೇ ಬೇಕು. ಅದಕ್ಕೇ ಸ್ವೀಕರಿಸಿದ ರೇಡಿಯೊವನ್ನು ಸುಮಾರು 3 ಹರ್ಟ್ಸ್ ಅಗಲದ ಕೋಟ್ಯಂತರ ಚೂರುಗಳಾಗಿ ಸೀಳಿ ಒಂದೊಂದನ್ನೂ ನೋಡುತ್ತಾರೆ.

ಸೀಳಿದ ಮೇಲೆ ಎರಡು ಪರೀಕ್ಷೆ. ಮೊದಲನೆಯದು ಜಾರುವಿಕೆ. ಭೂಮಿ ತಿರುಗುವುದರಿಂದ ದೂರದ ನಕ್ಷತ್ರದ ಪ್ರಸಾರದ ಆವರ್ತನ ನಮ್ಮ ಪಾಲಿಗೆ ಸ್ಥಿರವಾಗಿರುವುದಿಲ್ಲ. 1,000 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 0.1 ಹರ್ಟ್ಸ್‌ವರೆಗೆ ಸರಿಯುತ್ತದೆ. 5 ನಿಮಿಷಕ್ಕೆ 30 ಹರ್ಟ್ಸ್, ಅಂದರೆ ಹತ್ತು ಚೂರು ದಾಟಿಬಿಡುತ್ತದೆ. ಈ ಜಾರುವಿಕೆಯನ್ನು ಸರಿದೂಗಿಸದೆ ಸುಮ್ಮನೆ ಕೂಡಿಸುತ್ತ ಹೋದರೆ ಕ್ಷೀಣ ಸಂಕೇತ ಹರಡಿ ಅಳಿಸಿಹೋಗುತ್ತದೆ. ಸ್ವಲ್ಪವೂ ಜಾರದೆ ನಿಂತ ಗೆರೆ ಕಂಡರೆ ಅದು ದೂರದರ್ಶಕದ ಜೊತೆಗೇ ತಿರುಗುತ್ತಿರುವ, ನೆಲದ ಮೇಲಿನ ಯಾವುದೋ ಉಪಕರಣದ್ದು, ಕಿತ್ತುಹಾಕಬೇಕು. ಎರಡನೆಯದು ಅತ್ತ ಇತ್ತ ನೋಡುವುದು: ಗುರಿ ನಕ್ಷತ್ರದತ್ತ 5 ನಿಮಿಷ, ಪಕ್ಕದ ಬೇರೊಂದರತ್ತ 5 ನಿಮಿಷ, ಮತ್ತೆ ಗುರಿಯತ್ತ, ಹೀಗೆ ಅರ್ಧ ಗಂಟೆಯಲ್ಲಿ ಮೂರು ಸುತ್ತು. ಗುರಿಯತ್ತ ತಿರುಗಿದ ಮೂರು ಸಲವೂ ಕಾಣಬೇಕು, ಉಳಿದ ಮೂರು ಸಲ ಒಮ್ಮೆಯೂ ಕಾಣಬಾರದು.

ಇಷ್ಟಾದರೂ ಮೋಸಹೋಗುವುದುಂಟು. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ 2019ರಲ್ಲಿ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯತ್ತ ನೋಡುವಾಗ 982 ಮೆಗಾಹರ್ಟ್ಸ್‌ನಲ್ಲಿ ಒಂದು ಗೆರೆ ಸಿಕ್ಕಿತು. ಅದು ಜಾರುತ್ತಿತ್ತು, ಅತ್ತ ಇತ್ತ ಪರೀಕ್ಷೆಯನ್ನೂ ದಾಟಿತ್ತು. ಬಿಎಲ್‌ಸಿ1 ಎಂದು ಹೆಸರಿಟ್ಟು ಹಳೆಯ ದಾಖಲೆಗಳನ್ನು ಜಾಲಾಡಿದಾಗ, ಅದೇ ನಡಿಗೆಯ ಹತ್ತಾರು ಗೆರೆಗಳು ಬೇರೆ ಆವರ್ತನಗಳಲ್ಲಿ ಕ್ರಮಬದ್ಧ ಅಂತರದಲ್ಲಿ ಸಿಕ್ಕವು. ಎಲ್ಲವೂ ಎಲೆಕ್ಟ್ರಾನಿಕ್ ಉಪಕರಣಗಳ ಗಡಿಯಾರದ ಮಿಡಿತಗಳು ಒಂದಕ್ಕೊಂದು ಬೆರೆತು ಹುಟ್ಟಿದ್ದವು. ಉಪಕರಣ ಬಿಸಿಯಾಗಿ ತಣ್ಣಗಾಗುವಾಗ ಆವರ್ತನ ಸರಿಯುತ್ತದೆ, ಅದು ಜಾರುವಿಕೆಯಂತೆಯೇ ಕಾಣುತ್ತದೆ. ಅದೇ ಪಾರ್ಕ್ಸ್‌ನಲ್ಲಿ ವರ್ಷಗಟ್ಟಲೆ ಕಾಡಿದ್ದ ಕಿರು ಸ್ಫೋಟಗಳ ಮೂಲ 2015ರಲ್ಲಿ ಪತ್ತೆಯಾಯಿತು: ಮೈಕ್ರೋವೇವ್ ಒಲೆ ನಿಲ್ಲುವ ಮೊದಲೇ ಯಾರೋ ಬಾಗಿಲು ಎಳೆದಾಗಲೆಲ್ಲ ಅದು ಹುಟ್ಟುತ್ತಿತ್ತು. 1977ರಲ್ಲಿ ಒಹಾಯೊದಲ್ಲಿ ದಾಖಲಾದ 72 ಸೆಕೆಂಡಿನ ‘ವಾವ್’ ಸಂಕೇತದ ಕತೆ ಬೇರೆ. ಅದು ಮತ್ತೆ ಕಾಣಲೇ ಇಲ್ಲ. ಮತ್ತೆ ಸಿಗದದ್ದನ್ನು ಪರೀಕ್ಷೆಗೆ ಒಡ್ಡಲಾಗದು, ಹಾಗಾಗಿ ಅದನ್ನು ಸಾಕ್ಷಿ ಎನ್ನುವಂತಿಲ್ಲ.

ಬೆಂಗಳೂರಿನ ರೇಡಿಯೊ ಖಗೋಳಜ್ಞರಿಗೆ ಈ ಗದ್ದಲದ ಪರಿಚಯ ಚೆನ್ನಾಗಿದೆ. ಮೊಬೈಲ್ ಗೋಪುರ, ವೈಫೈ, ಎಲ್‌ಇಡಿ ದೀಪದ ಡ್ರೈವರ್, ಎಲ್ಲವೂ ರೇಡಿಯೊ ಉಗುಳುತ್ತವೆ. ನಗರದಿಂದ ಸುಮಾರು 80 ಕಿಲೋಮೀಟರ್ ದೂರದ ಗೌರಿಬಿದನೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಆಂಟೆನಾಗಳ ಸಾಲು ನೆಟ್ಟವು. ಸದಾಶಿವನಗರದ ರಾಮನ್ ಸಂಸ್ಥೆಯವರು ‘ಸರಸ್’ ಎಂಬ ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಅವರು ಹುಡುಕುತ್ತಿದ್ದುದು ಅನ್ಯಜೀವಿಗಳನ್ನಲ್ಲ, ವಿಶ್ವದ ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಸುಳಿವನ್ನು. ಆದರೂ ಕಲಿಯಬೇಕಾದ ಪಾಠ ಒಂದೇ. ಆಂಟೆನಾದ ಕೆಳಗಿನ ನೆಲದ ಪದರಗಳೂ ಅಳತೆಯಲ್ಲಿ ಸುಳ್ಳು ಏರಿಳಿತ ಹುಟ್ಟಿಸುತ್ತವೆ, ಅದಕ್ಕಾಗಿಯೇ ಎಲ್ಲೆಡೆ ಒಂದೇ ಸಮನಾದ ನೀರಿನ ಹಾಸು ಬೇಕಾಯಿತು.

ಈವರೆಗೆ ಒಂದೂ ತಂತ್ರಕುರುಹು ಖಚಿತವಾಗಿಲ್ಲ. ಹಾಗೆಂದರೆ ಯಾರೂ ಇಲ್ಲ ಎಂದಲ್ಲ. ನೋಡಬೇಕಾದ ದಿಕ್ಕು, ದೂರ, ಆವರ್ತನ, ಹೊತ್ತು, ಸೂಕ್ಷ್ಮತೆ ಎಲ್ಲ ಸೇರಿಸಿ 2018ರಲ್ಲಿ ಲೆಕ್ಕ ಹಾಕಿದವರಿಗೆ ಸಿಕ್ಕ ಹೋಲಿಕೆ ಇದು: ಭೂಮಿಯ ಸಾಗರಗಳೆಲ್ಲ ಒಂದು ಕಡೆ ಇದ್ದರೆ ನಾವು ತಡಕಾಡಿರುವುದು ಒಂದು ಸಣ್ಣ ಈಜುಕೊಳದಷ್ಟು ನೀರು. ಒಂದು ತೊಟ್ಟಿ ನೀರಿನಲ್ಲಿ ಮೀನಿಲ್ಲವೆಂದು ಕಡಲನ್ನೇ ಬರಿದು ಎನ್ನಲಾಗದು.

ಇನ್ನು ಕಾಲದ ಲೆಕ್ಕ. ಬುದ್ಧಿಯ ಪ್ರಶ್ನೆಗೆ ಸ್ವಲ್ಪವಾದರೂ ಗಟ್ಟಿಯಾದ ಉತ್ತರ ಸಿಗುವುದು ಇಲ್ಲೇ ಎಂಬುದು ನಮ್ಮ ಅಭಿಪ್ರಾಯ. ವಿಶ್ವಕ್ಕೆ 1,380 ಕೋಟಿ ವರ್ಷ, ಭೂಮಿಗೆ 454 ಕೋಟಿ. ಇಲ್ಲಿ ಜೀವ ಹುಟ್ಟಿ ಕನಿಷ್ಠ 350 ಕೋಟಿ ವರ್ಷವಾಯಿತು, ನಮ್ಮ ಜಾತಿಗೆ ಸುಮಾರು 3 ಲಕ್ಷ. ರೇಡಿಯೊ ನಮ್ಮ ಕೈಗೆ ಬಂದು 130 ವರ್ಷ ಆಗಿರಬಹುದು, ಅಷ್ಟೇ. ಬೇರೆಡೆ ಯಾರಾದರೂ ಈ ಕಸುಬಿಗೆ ಕೈ ಹಾಕಿದ್ದರೆ, ಸರಿಯಾಗಿ ಈ ಒಂದೆರಡು ಶತಮಾನದಲ್ಲೇ ಶುರು ಮಾಡಿರುವ ಸಂಭವ ತೀರಾ ಕಡಿಮೆ. ನಮಗಿಂತ ಹಿಂದಿರುವವರ ದನಿ ನಮಗೆ ಕೇಳುವುದೇ ಇಲ್ಲ, ಅವರಲ್ಲಿ ರೇಡಿಯೊ ಇಲ್ಲ. ಅಲ್ಪಕಾಲ ಮಾತಾಡಿ ನಿಂತುಹೋದವರೂ ನಮ್ಮ ಕಾಲಕ್ಕೆ ಹೊಂದಿ ಬರುವುದು ಅಪರೂಪ. ಆದ್ದರಿಂದ ಯಾರಾದರೂ ಕೇಳಿಸಿದರೆ ಅವರು ಈ ವಿದ್ಯೆಯಲ್ಲಿ ನಮಗಿಂತ ಬಹಳ ಹಳಬರೇ ಆಗಿರುತ್ತಾರೆ. ನಾವು ಎಲ್ಲರಿಗಿಂತ ಮುಂದಿರುವುದು ಸಾಧ್ಯವಿದೆ, ಆದರೆ ಹಾಗಿದ್ದಲ್ಲಿ ನಮಗೆ ಕೇಳಿಸುವುದು ಮೌನವೇ. ಅವರು ನಮ್ಮನ್ನು ಕೇಳುವ ಮಾತು ಇನ್ನೂ ಕಷ್ಟದ್ದು. ನಮ್ಮ ಮೊದಲ ಪ್ರಸಾರಗಳು ದಾಟಿರುವುದು ಹೆಚ್ಚೆಂದರೆ 130 ಜ್ಯೋತಿರ್ವರ್ಷ, ಗ್ಯಾಲಕ್ಸಿಯ ಅಡ್ಡಳತೆ ಸುಮಾರು ಒಂದು ಲಕ್ಷ.

ಸಹಜ ಮೂಲಕ್ಕೂ ತಂತ್ರಕುರುಹಿಗೂ ಇರುವ ವ್ಯತ್ಯಾಸವನ್ನು ಮನೆಯ ತಾರಸಿಯಲ್ಲೇ ಕಾಣಬಹುದು. 15 ಸೆಂಟಿಮೀಟರ್ ಅಡ್ಡಳತೆಯ, 28 ಸೆಂಟಿಮೀಟರ್ ಉದ್ದದ ತಗಡಿನ ಡಬ್ಬಿ ತೆಗೆದುಕೊಳ್ಳಿ. 12.5ಕ್ಕಿಂತ ಕಿರಿದಾದರೆ 21 ಸೆಂಟಿಮೀಟರ್ ಅಲೆ ಒಳಗೇ ನುಗ್ಗದು. ಮುಚ್ಚಿದ ತುದಿಯಿಂದ 9.3 ಸೆಂಟಿಮೀಟರ್ ದೂರದಲ್ಲಿ ತೂತು ಕೊರೆದು 5.2 ಸೆಂಟಿಮೀಟರ್ ಉದ್ದದ ತಾಮ್ರದ ಕಡ್ಡಿ ನಿಲ್ಲಿಸಿ. ತೆರೆದ ಬಾಯಿಗೆ ರಟ್ಟಿನಿಂದ ಮಾಡಿ ಒಳಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ, ಮುಕ್ಕಾಲು ಮೀಟರ್ ಅಗಲದ, ಲಾಳಿಕೆಯಾಕಾರದ ಕೊಳವೆಬಾಯಿ ಕೂಡಿಸಿ. ಕಡ್ಡಿಯ ಬುಡದಲ್ಲೇ 1420 ಮೆಗಾಹರ್ಟ್ಸ್‌ನ ಫಿಲ್ಟರ್ ಇರುವ ವರ್ಧಕ ಇರಲಿ. ಫಿಲ್ಟರ್ ಇಲ್ಲದಿದ್ದರೆ ನಗರದಲ್ಲಿ 900 ಮತ್ತು 1800 ಮೆಗಾಹರ್ಟ್ಸ್‌ನ ಮೊಬೈಲ್ ಗೋಪುರಗಳು ಸ್ವೀಕರಣ ಯಂತ್ರವನ್ನು ಉಸಿರುಗಟ್ಟಿಸುತ್ತವೆ. ಕೊನೆಗೆ ರೇಡಿಯೊ ಸಂಕೇತವನ್ನು ಕಂಪ್ಯೂಟರಿಗೆ ಓದಿಸುವ ಯುಎಸ್‌ಬಿ ಎಸ್‌ಡಿಆರ್ ಡಾಂಗಲ್, ಲ್ಯಾಪ್‌ಟಾಪ್. ಬೆಂಗಳೂರಿನಲ್ಲಿ ಅಕ್ಟೋಬರ್ ಸಂಜೆ ಬಾಯಿಯನ್ನು ನೆತ್ತಿಯಿಂದ ಉತ್ತರಕ್ಕೆ 27 ಡಿಗ್ರಿ ವಾಲಿಸಿದರೆ ಆಕಾಶಗಂಗೆಯ ಹಂಸ ನಕ್ಷತ್ರಪುಂಜ ಸಿಗುತ್ತದೆ.

ಹತ್ತು ನಿಮಿಷ ಸರಾಸರಿ ತೆಗೆದರೆ 1420.4 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಲಕ್ಷಗಟ್ಟಲೆ ಹರ್ಟ್ಸ್ ಅಗಲದ ಉಬ್ಬು ಏಳುತ್ತದೆ. ಅದೇ ಹೈಡ್ರೋಜನ್. ಪರದೆಯ ನಟ್ಟನಡುವೆ ಸೂಜಿಯಂತೆ ಚೂಪಾದ ಇನ್ನೊಂದು ಗೆರೆಯೂ ಕಾಣಬಹುದು. ಹೊಸಬರು ಅದನ್ನೇ ನೋಡಿ ಬೆರಗಾಗುತ್ತಾರೆ, ಆದರೆ ಅದು ಡಾಂಗಲ್‌ನದೇ ಸೃಷ್ಟಿ. ಟ್ಯೂನಿಂಗ್ ಅನ್ನು ಅರ್ಧ ಮೆಗಾಹರ್ಟ್ಸ್ ಸರಿಸಿ ನೋಡಿ: ಸೂಜಿ ಅದರ ಜೊತೆಗೇ ಸರಿಯುತ್ತದೆ, ಉಬ್ಬು ತನ್ನ ಆವರ್ತನದಲ್ಲೇ ನಿಲ್ಲುತ್ತದೆ. ಆಮೇಲೆ ಕೊಳವೆಬಾಯಿಯನ್ನು ತಾರಸಿಯ ನೆಲದತ್ತ ಬಗ್ಗಿಸಿ. ಉಬ್ಬು ಮಾಯವಾಗುತ್ತದೆ, ಸೂಜಿ ಹಾಗೆಯೇ ಇರುತ್ತದೆ.