ವೆಬ್ ಕಲಿಯಲು ವಿಂಡೋಸ್ ಪ್ರೊ ಬೇಕೇ?

ಪ್ರಶ್ನೆ: ಡೊಂಬಿವಲಿಯಲ್ಲಿದ್ದು ಬಿ.ಎಸ್ಸಿ. ಐಟಿ ಓದುತ್ತಿದ್ದೇನೆ. ವೆಬ್‌ಸೈಟ್‌ಗಳನ್ನು ಸ್ವಂತ ಲ್ಯಾಪ್‌ಟಾಪಿನಲ್ಲೇ ಕಟ್ಟಿ ಪರೀಕ್ಷಿಸಬೇಕು. ಅದರಲ್ಲಿರುವುದು ವಿಂಡೋಸ್ 11 ಹೋಮ್. ಹಣ ಕೊಟ್ಟು ಪ್ರೊ ಹಾಕಿಸಿಕೊಳ್ಳಲೇಬೇಕೇ?

ಉತ್ತರ: ಬೇಡ. ಅಪ್ಪ ಅಮ್ಮ ಕೊಟ್ಟ ಹಣವನ್ನು ಸದ್ಯಕ್ಕೆ ತೆಗೆದಿಡಿ. ಅದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿದೆ.

ಪ್ರೊದಲ್ಲಿ ಹೆಚ್ಚಿಗೆ ಸಿಗುವ ಹೈಪರ್-ವಿ (ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವಿದ್ದಂತೆ ನಡೆಸುವ ಸೌಲಭ್ಯ), ಗ್ರೂಪ್ ಪಾಲಿಸಿ (ಹಲವು ಕಂಪ್ಯೂಟರುಗಳಿಗೆ ಒಂದೇ ನಿಯಮ ಹಾಕುವ ಸೌಲಭ್ಯ) ಮುಂತಾದವು ಹತ್ತಾರು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಚೇರಿಗೆ ಬೇಕು. ಪ್ರೊ ಬೇಕೆಂಬ ಮಾತಿಗೆ ಒಂದು ಕಾಲದಲ್ಲಿ ಕಾರಣವೂ ಇತ್ತು: ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಾಮಗ್ರಿಯ ಸಮೇತ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ನಡೆಸುವ ಡಾಕರ್ ಡೆಸ್ಕ್‌ಟಾಪ್ ಹೈಪರ್-ವಿ ಇಲ್ಲದೆ ನಡೆಯುತ್ತಿರಲಿಲ್ಲ. 2020ರಲ್ಲಿ, ವಿಂಡೋಸ್ ಒಳಗೇ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸುವ ಸೌಲಭ್ಯವಾದ ಡಬ್ಲ್ಯುಎಸ್‌ಎಲ್ 2 ಹೋಮ್‌ಗೂ ಬಂದ ಮೇಲೆ ಆ ಕಾರಣ ಉಳಿದಿಲ್ಲ. ಈಗ ಒಂದೇ ಆಜ್ಞೆಯಿಂದ ವಿಂಡೋಸ್ ಒಳಗೇ ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವನ್ನು ಅನುಸ್ಥಾಪಿಸಬಹುದು. ಪಿಎಚ್‌ಪಿ, ನೋಡ್, ಪೈಥಾನ್, ಮೈಎಸ್‌ಕ್ಯೂಎಲ್ ಎಲ್ಲವೂ ಅಲ್ಲಿ ನಡೆಯುತ್ತವೆ.

ಆದರೆ ಪ್ರಾಜೆಕ್ಟ್ ಫೈಲುಗಳನ್ನು ಸಿ ಡ್ರೈವಿನಲ್ಲಿ ಇಡಬೇಡಿ, ಉಬುಂಟುವಿನ ಒಳಗಿನ ಫೋಲ್ಡರಿನಲ್ಲೇ ಇಡಿ. ವೇಗವೂ ಹೆಚ್ಚು, ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮಾಟುಂಗದ ಒಂದು ಹೋಟೆಲಿಗೆ ನಾನು ಮಾಡಿಕೊಟ್ಟ ಮೊದಲ ಸೈಟು ಮನೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಸರ್ವರಿಗೆ ಏರಿಸಿದ ದಿನ ತಿಂಡಿಗಳ ಚಿತ್ರ ಒಂದೂ ಬರಲಿಲ್ಲ. ಮಾಲೀಕರು ಪಕ್ಕದಲ್ಲೇ ಕುಳಿತಿದ್ದರು. ಫೈಲುಗಳ ಹೆಸರು ಇಂಗ್ಲಿಷಿನ ದೊಡ್ಡಕ್ಷರದಿಂದ ಆರಂಭವಾಗುತ್ತಿತ್ತು, ಕೋಡಿನಲ್ಲಿ ಸಣ್ಣಕ್ಷರವಿತ್ತು. ವಿಂಡೋಸ್ ಈ ಭೇದವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಹೆಚ್ಚಿನ ವೆಬ್ ಸರ್ವರುಗಳಲ್ಲಿರುವುದು ಲಿನಕ್ಸ್. ಉಬುಂಟುವಿನೊಳಗೇ ಕೆಲಸ ಮಾಡಿದ್ದರೆ ಆ ತಪ್ಪು ನನಗೆ ಮೊದಲ ದಿನವೇ ಮನೆಯಲ್ಲೇ ಸಿಗುತ್ತಿತ್ತು.

ಇನ್ನು ಹಣದ ಮಾತು. ಡಬ್ಲ್ಯುಎಸ್‌ಎಲ್ ತನ್ನಷ್ಟಕ್ಕೆ ಬಿಟ್ಟರೆ ರ‍್ಯಾಮ್‌ನ ಅರ್ಧದವರೆಗೂ ಬಳಸಿಕೊಳ್ಳಬಹುದು. 8 ಜಿಬಿ ಇದ್ದರೆ ವಿಂಡೋಸ್, ಬ್ರೌಸರ್, ಎಡಿಟರ್ ಮೂರೂ ಉಳಿದ 4 ಜಿಬಿಯಲ್ಲಿ ಏಗಬೇಕಾಗುತ್ತದೆ. ತೆಗೆದಿಟ್ಟ ಹಣದಲ್ಲಿ ಆ 8 ಜಿಬಿಯನ್ನು 16 ಮಾಡಿಸಿ. ಮುಂಬಯಿಯಲ್ಲಿ ಕಂಪ್ಯೂಟರ್ ಸಾಮಾನು ಸಿಗುವ ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಮುನ್ನ ನಿಮ್ಮ ಮಾದರಿಯಲ್ಲಿ ರ‍್ಯಾಮ್ ಸ್ಲಾಟ್ ಇದೆಯೇ ಎಂದು ನೋಡಿಕೊಳ್ಳಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬದಲಿಸಲಾಗದು.

ನಿಮ್ಮ ಸಹಪಾಠಿಗಳಲ್ಲಿ ಯಾರ ಬಳಿಯಾದರೂ ವಿಂಡೋಸ್ 11 ಹಿಡಿಸದ ಹಳೆಯ ಯಂತ್ರವಿದ್ದರೆ ಅವರು ಹೊಸದಕ್ಕೆ ಸಾಲ ಮಾಡಬೇಕಾಗಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನು ತೆಗೆದು ಉಬುಂಟು 24.04 ಹಾಕಿಕೊಳ್ಳಲಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಹಾಕುವಾಗ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ, ಆದ್ದರಿಂದ ಮನೆಯವರ ಫೋಟೋಗಳನ್ನು ಮೊದಲೇ ಪೆನ್‌ಡ್ರೈವಿಗೆ ತೆಗೆದಿಡಲು ಹೇಳಿ.